ಒರ್ಬಾನನ ಕತ್ತಿ, ನನ್ನ ಎಡಗೆನ್ನೆ

ಲೋಕದ ಯಾವ ವಸ್ತುವನ್ನಾದರೂ ನನ್ನ ಮುಂದೆ ತಂದಿಡಿ. ಅದು ಒಂದನೇ ನಂಬರೋ, ಎರಡನೆಯದೋ, ದನಕ್ಕೆ ಹಾಕುವಂಥದೋ ಎಂದು ಅರೆಗಳಿಗೆಯಲ್ಲಿ ಹೇಳಿಬಿಡುತ್ತೇನೆ! ದಾವಣಗೆರೆಯ ಮಂಡಿಪೇಟೆಯಲ್ಲಿ ಇಪ್ಪತ್ತಾರು ವರ್ಷದಿಂದ ಬೇಳೆಕಾಳಿನ ಸಗಟು ಅಂಗಡಿ ಇಟ್ಟವನು ನಾನು, ಹೆಸರು ಬಕ್ಕೇಶ್. ತೊಗರಿಬೇಳೆಯನ್ನು ಅಂಗೈಯಲ್ಲಿ ಹಾಕಿಕೊಂಡು ಒಮ್ಮೆ ಊದಿದರೆ ಸಾಕು, ಅದರ ಹುಟ್ಟಿದೂರು, ಗೋದಾಮಿನಲ್ಲಿ ಕೂತ ದಿನ, ಬೇಯುವ ಹೊತ್ತು ಎಲ್ಲ ಗೊತ್ತಾಗುತ್ತದೆ. ಇಂಥ ನಾನು, ಕೇವಲ ಮೂರು ಜನ ಕತ್ತಿವೀರರಲ್ಲಿ ಯಾರು ಮೇಲೆಂದು ಹೇಳಲಾರೆನೇ? ಹೇಳಿಯೇ ತೀರುತ್ತೇನೆಂದು ಪಣ ತೊಟ್ಟೆ. ಆ ಪಣ ನನ್ನನ್ನು ಎಲ್ಲಿಗೆ ಮುಟ್ಟಿಸಿತು ಎಂಬುದೇ ಈ ಕಥೆ. ನಗುವವರು ಈಗಲೇ ಶುರು ಮಾಡಬಹುದು.

ಆ ಮೂವರೂ ಭೂಲೋಕದವರಲ್ಲ. ‘ಒಂಬತ್ತು ಚಂದ್ರರ ಕಾಳಗ’ ಎಂಬ ಒಂಬತ್ತು ಭಾಗದ ಸಿನಿಮಾ ಸರಣಿಯವರು. ಒಬ್ಬಳು ಝೂರಾ, ಎರಡು ಕತ್ತಿ ಹಿಡಿದು ಗಾಳಿಯಲ್ಲಿ ಬುಗುರಿ ಸುತ್ತುವ ಹುಡುಗಿ. ಇನ್ನೊಬ್ಬ ಕ್ರೆಟಕ್, ನಾಲ್ಕು ಕೈಯ ದೈತ್ಯ. ಮೂರನೆಯವನು ಒರ್ಬಾನ್, ಒಂದೇ ಕೈಯ ಮುದುಕ. ಇವರ ಕತ್ತಿಗಳು ಕಬ್ಬಿಣದವಲ್ಲ, ಧೂಮಕೇತುವಿನ ಬಾಲ ಕತ್ತರಿಸಿ ಮಾಡಿದವು! ನನ್ನ ಮಗಳು ಅಂಕಿತಾ, ಹತ್ತನೇ ಕ್ಲಾಸು, ಈ ಸರಣಿಗೆ ಜೀವ ಬಿಡುತ್ತಾಳೆ. ಹರಿಹರದಲ್ಲಿರುವ ನನ್ನ ಬಾಮೈದ ಪ್ರಶಾಂತನೂ ಹಾಗೆಯೇ. ದಿನಾ ಸಂಜೆ ಸೋದರಮಾವ, ಸೊಸೆ ಫೋನಿನಲ್ಲಿ ಒಂದು ತಾಸು ಕತ್ತಿ ಝಳಪಿಸುತ್ತಿದ್ದರು.

ಒಂದು ದಿನ ನಾನೂ ಮೆಲ್ಲಗೆ ತಲೆ ಹಾಕಿದೆ.

“ಏನಮ್ಮಾ ಅದು? ಯಾರು ಯಾರಿಗೆ ಹೊಡೆದ್ರು?”

“ಅದು ನಿಮಗೆ ಗೊತ್ತಾಗಲ್ಲ ಬಿಡ್ರಿ ಅಪ್ಪಾಜಿ,” ಎಂದವಳೇ ರೂಮಿನ ಬಾಗಿಲು ಮುಂದಕ್ಕೆ ಹಾಕಿಕೊಂಡಳು.

ಮೂರು ವರ್ಷದವಳಿದ್ದಾಗ ಇದೇ ಹುಡುಗಿ ಅಂಗಡಿಯ ಚೀಲಗಳ ಮೇಲೆ ಕೂತು, ನನ್ನ ಕೈಯಿಂದಲ್ಲದೆ ಇನ್ನೊಬ್ಬರ ಕೈಯಿಂದ ಬೆಲ್ಲದ ಚೂರನ್ನೂ ತಿನ್ನುತ್ತಿರಲಿಲ್ಲ. ಈಗ ಅವಳ ಮಾತೆಲ್ಲ ಹರಿಹರದ ಪಾಲು! ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯಿತು. ಆ ಮುಚ್ಚಿದ ಬಾಗಿಲ ಮುಂದೆ ನಿಂತು ಕಣ್ಣಲ್ಲಿ ನೀರೂ ಬಂತು. ಆಗಲೇ ತೀರ್ಮಾನಿಸಿದೆ: ಒಂಬತ್ತೂ ಭಾಗ ನೋಡುತ್ತೇನೆ, ಮೂವರು ವೀರರನ್ನೂ ತೂಗಿ ಅಳೆದು ನಂಬರು ಕೊಡುತ್ತೇನೆ, ಮಗಳ ಬಾಯಿಂದಲೇ “ಅಪ್ಪಾಜಿ, ನೀವು ಸರಿ” ಅನ್ನಿಸುತ್ತೇನೆ.

ಅಂಗಡಿಯಲ್ಲಿ ಉದ್ದಿನ ಚೀಲಕ್ಕೆ ಫೋನು ಒರಗಿಸಿ ಅಧ್ಯಯನ ಆರಂಭಿಸಿದೆ. ವಿದ್ಯೆಗೆ ವಿಘ್ನ ಬಹಳ! ನಾಲ್ಕನೇ ಭಾಗದಲ್ಲಿ ಒಂದು ಗ್ರಹ ಸಿಡಿಯುವ ಹೊತ್ತಿಗೆ ಸರಿಯಾಗಿ ಮಂಡಕ್ಕಿ ಭಟ್ಟಿಯ ಹಮ್ಜಾನ ಆರ್ಡರು ಬಂತು. ಹತ್ತು ಚೀಲ ಹುರಿಗಡಲೆ ಕೇಳಿದ್ದ. ಹತ್ತು ಚೀಲ ಹೆಸರುಕಾಳು ಕಳಿಸಿದೆ. ಅರ್ಧ ತಾಸಿಗೆ ಫೋನು ಬಂತು.

“ಬಕ್ಕೇಶ್ ಭಾಯ್, ಮಂಡಕ್ಕಿಗೆ ಹೆಸರುಕಾಳು ಹಾಕಿದ್ರೆ ಗಿರಾಕಿಗಳು ನನ್ನನ್ನೇ ಹುರೀತಾರೆ!”

“ತಪ್ಪಾಯ್ತು ಹಮ್ಜಾ. ಇಲ್ಲಿ ಒಂದು ಗ್ರಹ ಸಿಡೀತಾ ಇತ್ತು.”

“ಯಾ ಅಲ್ಲಾ! ಮಂಡಿಪೇಟೆಯಾಗಾ?”

ಹನ್ನೊಂದು ದಿನದಲ್ಲಿ ಒಂಬತ್ತೂ ಭಾಗ ಮುಗಿಸಿ ತೀರ್ಪು ಬರೆದೆ. ಕ್ರೆಟಕ್: ನಾಲ್ಕು ಕೈ, ಒಂದಕ್ಕೊಂದು ಹೊಂದಿಕೆಯಿಲ್ಲ, ಕಲಬೆರಕೆ ಮಾಲು, ಮೂರನೇ ನಂಬರು. ಝೂರಾ: ಪಾಲಿಶ್ ಹೊಡೆದ ಬೇಳೆ, ಹೊಳಪು ಜಾಸ್ತಿ, ಎರಡನೇ ನಂಬರು. ಒರ್ಬಾನ್: ನೋಡಲು ಮಂಕು, ಆದರೆ ಒಂದು ಕಾಳೂ ಪೊಳ್ಳಿಲ್ಲ. ಒಂದನೇ ನಂಬರು!

ಆ ಭಾನುವಾರ ನನ್ನ ಅತ್ತೆ ಬಸವಣ್ಣೆಮ್ಮನವರು ಮಗ ಪ್ರಶಾಂತನ ಜೊತೆ ಸರಸ್ವತಿ ನಗರದ ನಮ್ಮ ಮನೆಗೆ ಬಂದರು. ಹರಿಹರದಲ್ಲಿ ಅವನು ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದರು.

“ಇನ್ನು ಹದಿನೈದು ದಿನಕ್ಕೆ ಓಪನಿಂಗು ಭಾವ,” ಎಂದ ಪ್ರಶಾಂತ.

“ಹಿಂದಿನ ದಿನ ವೀರಭದ್ರ ದೇವರ ಗುಗ್ಗಳ ಇಟ್ಕೊಂಡೀವಿ. ಮುಂಚೇನೇ ಬರ್ರಿ ಅಳಿಯಂದ್ರೆ,” ಎಂದರು ಅತ್ತೆ.

ವೀರಭದ್ರ ಮನೆದೇವರಾದ ಮೇಲೆ ಶುಭಕಾರ್ಯಕ್ಕೆ ಮುಂಚೆ ಗುಗ್ಗಳ ಆಗಲೇಬೇಕು. ಸಮಾಳವೆಂಬ ಜೋಡಿ ಚರ್ಮವಾದ್ಯ ಬಾರಿಸುತ್ತ ಹೊಳೆಗೆ ಹೋಗಿ ಬರುವುದು, ವೀರಭದ್ರನ ವೇಷದ ಪುರವಂತರು ಖಡ್ಗ ಹಿರಿದು ದೇವರ ಒಡಪು ಹೇಳುತ್ತ ಕುಣಿಯುವುದು, ಹರಕೆ ಹೊತ್ತವರು ಕೆನ್ನೆಗೆ ಶಸ್ತ್ರ ಹಾಕಿಸಿಕೊಳ್ಳುವುದು. ಶಸ್ತ್ರವೆಂದರೆ ಕೆನ್ನೆಯೊಳಗಿಂದ ಚುಚ್ಚಿ ಹೊರಗೆ ಹೊರಡಿಸುವ ಉದ್ದನೆಯ ಬೆಳ್ಳಿ ಸೂಜಿ. ಅದು ಹೊರಬರುವ ಹೊತ್ತಿಗೆ ನಾನು ಯಾವಾಗಲೂ ಅಡುಗೆಯವರ ಮೇಲ್ವಿಚಾರಣೆಗೆ ಹೋಗಿಬಿಡುತ್ತೇನೆ.

ಬೆಣ್ಣೆದೋಸೆ ತಿನ್ನುತ್ತ ಮಾವ, ಸೊಸೆ ಶುರುಮಾಡಿದರು. “ನೀವು ಹೇಳಿದ್ದೇ ಸರಿ ಮಾಮ, ಝೂರಾನೇ ನಂಬರ್ ಒನ್,” ಎಂದಳು ಅಂಕಿತಾ. “ಒಂದು ನೆಗೆತಕ್ಕೆ ಏಳು ಜನ!”

“ತಪ್ಪು!” ಎಂದು ನಾನು ದೋಸೆಯ ತಟ್ಟೆ ಕೆಳಗಿಟ್ಟೆ. “ಒರ್ಬಾನ್!”

ಮಗಳ ಕಣ್ಣು ಅಗಲವಾದವು. “ಅಪ್ಪಾಜಿ! ನೀವು ನೋಡೀರಾ?”

“ಒಂಬತ್ತೂ ಭಾಗ!”

ಅವಳ ಮುಖದಲ್ಲಿ ಆಗ ಮೂಡಿದ ಬೆರಗನ್ನು ನೋಡಲು ಇನ್ನೂ ಒಂಬತ್ತು ಭಾಗ ನೋಡಲು ಸಿದ್ಧನಿದ್ದೆ. ಆದರೆ ಪ್ರಶಾಂತ ಸುಮ್ಮನಿರಬೇಕಲ್ಲ! “ಆ ಮುದುಕನಾ ಭಾವ? ಅವ್ನು ಅರ್ಧ ಹೊತ್ತು ನಿಂತೇ ಇರ್ತಾನೆ.”

“ತಕ್ಕಡಿ ಕುಣಿದಷ್ಟೂ ತೂಕ ಸರಿ ಐತೆ ಅಂತ ಅಲ್ಲಪ್ಪ. ನಿಲ್ಲಬೇಕು, ಆಮೇಲೆ ನಂಬರು! ತಡಿ, ತೋರಿಸ್ತೀನಿ.”

ಎದ್ದವನೇ ಜೇಡರಬಲೆ ತೆಗೆಯುವ ಕೋಲು ಕೈಗೆತ್ತಿಕೊಂಡೆ. ಒರ್ಬಾನನಂತೆ ಎಡಗೈಯನ್ನು ಅಂಗಿಯೊಳಗೆ ಸೇರಿಸಿದೆ. ಕಣ್ಣು ಅರೆಮುಚ್ಚಿದೆ. ನನ್ನ ಹೆಂಡತಿ ನಯನಾ ಅಡುಗೆಮನೆಯಿಂದ, “ರೀ, ಮ್ಯಾಲೆ ಫ್ಯಾನ್ ತಿರುಗ್ತೈತೆ,” ಎಂದಳು. ಮಹಾವೀರರಿಗೆ ಇಂಥ ಸಣ್ಣ ಮಾತು ಕೇಳಿಸುವುದಿಲ್ಲ. ಐದನೇ ಚಂದ್ರನ ಮೇಲೆ ಒರ್ಬಾನ್ ಬೀಸಿದ ಆ ಜಗದ್ವಿಖ್ಯಾತ ಏಟನ್ನು ಬೀಸಿದೆ! ಫ್ಯಾನು ಅದನ್ನು ತಡೆಯಿತು. ತಡೆದದ್ದಷ್ಟೇ ಅಲ್ಲ, ತಿರುಗಿ ಹೊಡೆಯಿತು! ಕೋಲಿನ ತುದಿಯ ಪೊರಕೆ ಕಿತ್ತು ಹಾರಿ, ಸೀದಾ ಅತ್ತೆಯವರ ಚಟ್ನಿಯ ಬಟ್ಟಲಿಗೆ ಬಿತ್ತು.

“ಫ್ಯಾನ್ ಗೆಲ್ತು!” ಎಂದು ಪ್ರಶಾಂತ ಚಪ್ಪಾಳೆ ತಟ್ಟಿದ.

“ಈ ಮನೆ ಸೂರು ತಗ್ಗು!” ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಅಂಕಿತಾ ನಗು ತಡೆಯಲಾರದೆ, “ನೋಡೀರಿ ಸರಿ ಅಪ್ಪಾಜಿ, ಆದ್ರೆ ನಿಮಗೆ ಗೊತ್ತಾಗಿಲ್ಲ ಬಿಡ್ರಿ,” ಎಂದಳು.

ಮತ್ತೆ ಅದೇ ‘ಬಿಡ್ರಿ’! ನನ್ನ ತಲೆ ಕೆಟ್ಟಿತು. ಎದೆ ತಟ್ಟಿಕೊಂಡು ಕೂಗಿದೆ: “ಒರ್ಬಾನನೇ ಮೇಲು! ನನ್ನ ಮಾತು ಸುಳ್ಳಾದ್ರೆ ಅದೇ ಗುಗ್ಗಳದಾಗೆ ಈ ಎಡಗಲ್ಲಕ್ಕೆ ಶಸ್ತ್ರ ಹಾಕಿಸ್ಕೊತೀನಿ! ವೀರಭದ್ರನ ಆಣೆ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಚಟ್ನಿಯಿಂದ ಪೊರಕೆ ತೆಗೆದಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ದೇವರ ಜಗುಲಿಯ ಕಡೆ ತಿರುಗಿ ಕೈಮುಗಿದರು. “ಹರಕೆ ಆತು. ಕತ್ತಿ ವಿಚಾರ ನಮಗೇನು ಗೊತ್ತು? ಗುಗ್ಗಳಕ್ಕೆ ಪುರವಂತರು ಬರ್ತಾರೆ, ನಿಜವಾದ ಖಡ್ಗ ಹಿಡಿಯೋರು. ಅವ್ರು ನೋಡಿ ಹೇಳಿದ್ದೇ ಕೊನೆ.”

ಅವರು ಹೋದ ಮೇಲೆ ನಯನಾಳ ಹಿಂದೆ ಹಿಂದೆ ಸುತ್ತಿದೆ. “ಅಲ್ಲ ಕಣೇ, ತಮಾಷೆಗೆ ಅಂದಿದ್ದನ್ನ ದೇವ್ರು ನಿಜ ಅಂತ ತಗೋತಾನಾ?”

“ದೇವ್ರು ತಗೋತಾನೋ ಇಲ್ಲೋ, ನಮ್ಮವ್ವ ತಗೊಂಡಾಳೆ.”

“ಒಂದು ಮಾತು ನೀನು ಹೇಳಿ ನೋಡು…”

“ಟಿಟಿ ಇಂಜೆಕ್ಷನ್‌ಗೆ ಹೋಗಿ ನರ್ಸಮ್ಮನ ಕೈ ಹಿಡ್ಕೊಂಡು ಅತ್ತ ಮನುಷ್ಯ ನೀವು. ಗಲ್ಲ ಅಡ ಇಡೋಕೆ ಮುಂಚೆ ಯೋಚನೆ ಮಾಡಬ್ಯಾಡ್ವಾ?”

ಮರುದಿನದಿಂದ ನನ್ನ ಎಡಗೆನ್ನೆ ತಾನಾಗಿಯೇ ಅದುರತೊಡಗಿತು. ಪಕ್ಷ ಬದಲಿಸಲು ನೋಡಿದೆ. “ಯೋಚನೆ ಮಾಡಿದ್ರೆ ಝೂರಾನೂ ಏನು ಕಮ್ಮಿ ಇಲ್ಲಮ್ಮ,” ಎಂದು ಮಗಳ ಮುಂದೆ ರಾಗ ಎಳೆದೆ. “ಹರಕೆ ಹೊತ್ತೋರು ಮಾತು ಬದಲಿಸಂಗಿಲ್ಲ ಅಪ್ಪಾಜಿ,” ಎಂದಳು. ಎರಡೂ ಕಡೆಯಿಂದ ಸಿಕ್ಕಿಬಿದ್ದಿದ್ದೆ. ಸೋತರೆ ಸೂಜಿ. ಅದಕ್ಕಿಂತ ಹೆಚ್ಚಾಗಿ, ಮಗಳ ಪಾಲಿಗೆ ನಾನು ಎಂದೆಂದಿಗೂ ‘ಬಿಡ್ರಿ’!

ಕೊನೆಗೆ ವ್ಯಾಪಾರಿಯ ಬುದ್ಧಿ ಎಚ್ಚರಾಯಿತು. ಐದು ಕೇಜಿ ಒಂದನೇ ನಂಬರು ತೊಗರಿಬೇಳೆ ಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ. ತೀರ್ಪು ಕೊಡಬೇಕಾದ ಪುರವಂತ ಕರಿಬಸವರಾಜ ಅವರು ವಾರವೆಲ್ಲ ಟೈಲರ್. ಸೂಜಿಯ ಜೊತೆ ಅವರಿಗೆ ಎರಡೂ ಕಡೆಯಿಂದ ನೆಂಟಸ್ತಿಕೆ. ನಾನು ಹೋದಾಗ ಮಷೀನು ಬದಿಗಿಟ್ಟು, ತಟ್ಟೆಯಲ್ಲಿ ಏನನ್ನೋ ಸಾಲಾಗಿ ಇಟ್ಟುಕೊಂಡು ವಿಭೂತಿ ಹಚ್ಚಿ ಉಜ್ಜುತ್ತಿದ್ದರು.

“ಬರ್ರಿ, ಕೂಡ್ರಿ.”

“ಛತ್ರಿ ರಿಪೇರಿನೂ ಮಾಡ್ತೀರೇನ್ರಿ?” ಎಂದೆ, ಆ ಕಡ್ಡಿಗಳನ್ನು ನೋಡಿ.

“ಇವು ಶಸ್ತ್ರ ಕಣ್ರಿ.”

“ಇಷ್ಟುದ್ದ?”

“ಇವು ಚಿಕ್ಕ ಹುಡುಗ್ರವು. ನಿಮ್ಮಂಗೆ ಗಲ್ಲ ತುಂಬಿದೋರಿಗೆ ಒಳಗೆ ಬ್ಯಾರೆ ಅದಾವೆ.”

ಹೇಗೋ ಬೇಳೆಯ ಚೀಲವನ್ನು ಮುಂದೆ ತಳ್ಳಿದೆ. “ಪ್ರಸಾದಕ್ಕೇನ್ರಿ? ಒಳ್ಳೇದಾತು,” ಎಂದು ಒಳಗಿಡಿಸಿದರು.

“ಹಂಗಲ್ಲ ಪುರವಂತ್ರೆ… ಒರ್ಬಾನ್ ಅಂತ ಒಬ್ರು ಅದಾರೆ. ವಯಸ್ಸಾದೋರು. ಒಂದು ಕೈ ಇಲ್ಲ. ಅವ್ರ ಕೇಸು ನಿಮ್ಮ ಮುಂದೆ ಬರ್ತೈತೆ, ಸ್ವಲ್ಪ ನೋಡ್ಕೊಳ್ರಿ.”

“ಅಯ್ಯೋ ಪಾಪ! ಯಾವ ಕಡೆಯೋರು?”

“ಐದನೇ ಚಂದ್ರ.”

“ಹೊಸ ಬಡಾವಣೆನಾ? ಬೈಪಾಸ್ ಆಚೆಗೇನು?”

ನಾನು ಹೌದೆಂದು ತಲೆಯಾಡಿಸಿ, ಸಿಕ್ಕ ಬಸ್ಸು ಹತ್ತಿ ವಾಪಸ್ಸಾದೆ.

ಗುಗ್ಗಳದ ದಿನ ಬಂದೇ ಬಂತು. ಬೆಳಿಗ್ಗೆ ತುಂಗಭದ್ರೆಯ ದಂಡೆಯಲ್ಲಿ ಗಂಗಾಪೂಜೆ. ನಾನು ಹೊಳೆಗೆ ಮೂರು ಸಲ ಮುಳುಗು ಹಾಕಿ, ಮೂರು ಸಲವೂ ಒರ್ಬಾನನ ಹೆಸರಿನಲ್ಲೇ ಬೇಡಿಕೊಂಡೆ. ಮನೆಗೆ ಬಂದ ಮೇಲೆ ಪೆಂಡಾಲಿನ ಕೆಳಗೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ಪುರವಂತರು ಬಜ್ಜಿ ಮುರಿಯುತ್ತಿದ್ದಂತೆ ಪ್ರಶಾಂತ ಫೋನು ಹಿಡಿದು ಅವರೆದುರು ಕೂತ. ನೆಂಟರೆಲ್ಲ ಸುತ್ತ ನೆರೆದರು. ನನ್ನ ಹರಕೆಯ ಸುದ್ದಿ ಹರಿಹರದ ಅರ್ಧ ಊರಿಗೆ ಗೊತ್ತಾಗಿತ್ತು.

ಪುರವಂತರು ಕನ್ನಡಕ ಏರಿಸಿ ಮೊದಲು ಝೂರಾಳ ಕಾಳಗ ನೋಡಿದರು.

“ಕತ್ತಿ ನೋಡಬ್ಯಾಡ್ರಿ, ಕಾಲು ನೋಡ್ರಿ,” ಎಂದರು ಅವರು. “ಈ ಹುಡುಗಿ ಹಾರ್ತಾಳೆ, ಚೆಂದ ಐತೆ. ಹಾರಿದ ಮ್ಯಾಲೆ ಇಳೀಲೇಬೇಕಲ್ಲ? ಇಳಿಯೋ ಜಾಗ ಎದುರಿನೋನಿಗೂ ಕಾಣ್ತೈತೆ. ಮೂರು ಸಲ ಬೆನ್ನು ಕೊಟ್ಟಾಳೆ. ಅಲ್ಲಾ, ಈ ಏಳು ಜನ ಒಬ್ಬನಾದ ಮ್ಯಾಲೆ ಒಬ್ಬ ಯಾಕ ಬರ್ತಾರೆ? ರೇಷನ್ ಅಂಗಡಿ ಸರತಿನಾ?”

ಪೆಂಡಾಲು ನಕ್ಕಿತು. ಪ್ರಶಾಂತನ ಮುಖ ಸಣ್ಣದಾಯಿತು. ನಾಲ್ಕು ಕೈಯ ಕ್ರೆಟಕ್‌ನನ್ನು ನೋಡಿ, “ನಾಲ್ಕು ಕತ್ತಿ ಹಿಡಿದಾನೆ, ತನ್ನ ಮೊಣಕೈಗೆ ತಾನೇ ಹೆದರ್ತಾನೆ,” ಎಂದು ಒಂದೇ ಮಾತಿಗೆ ಮುಗಿಸಿದರು. ಆಮೇಲೆ ಒರ್ಬಾನ್ ಬಂದ. ಪುರವಂತರು ಬಜ್ಜಿ ಕೆಳಗಿಟ್ಟರು. ಫೋನಿನ ಮೇಲೆ ಬಗ್ಗಿ ನೋಡಿದರು.

“ಹಿಮ್ಮಡಿ ನೆಲ ಬಿಟ್ಟಿಲ್ಲ,” ಎಂದರು ಮೆಲ್ಲಗೆ. “ಇಡೀ ಕಾಳಗದಾಗೆ ಮೂರೇ ಹೆಜ್ಜೆ. ಏಟು ಬೀಳೋ ಹೊತ್ತಿಗೇ ಉಸ್ರು ಬಿಡ್ತಾರೆ, ಅದಕ್ಕೆ ಮುಂಚೆ ಇಲ್ಲ. ಈ ಯಜಮಾನ್ರಿಗೆ ಕತ್ತಿ ಬರ್ತೈತೆ. ಯಾರ್ರೀ ಇವ್ರ ಗುರುಗಳು?”

ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ! “ಕೇಳಿದ್ರಾ? ಒಂದನೇ ನಂಬರು! ಒಂದು ಕಾಳೂ ಪೊಳ್ಳಿಲ್ಲ!”

ಅಂಕಿತಾ ಫೋನನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು. “ಹೌದಲ್ಲ! ಕಾಲು ನಾನು ನೋಡೇ ಇರಲಿಲ್ಲ. ಅಪ್ಪಾಜಿ, ನೀವು ಸರಿ!”

ಅಷ್ಟು ಸಾಕಾಗಿತ್ತು ನನಗೆ. ಮಂಡಿಪೇಟೆಯನ್ನೇ ಬರೆದುಕೊಟ್ಟರೂ ಅಷ್ಟು ಖುಷಿ ಆಗುತ್ತಿರಲಿಲ್ಲ. ಸಿಕ್ಕವರ ಬಾಯಿಗೆಲ್ಲ ಬಜ್ಜಿ ತುರುಕಿದೆ. ಪ್ರಶಾಂತನನ್ನು ಅಪ್ಪಿಕೊಂಡು ಸಮಾಧಾನವನ್ನೂ ಹೇಳಿದೆ. ಅದುರುತ್ತಿದ್ದ ಎಡಗೆನ್ನೆ ತಣ್ಣಗಾಗಿ ನಗತೊಡಗಿತು.

ಅಷ್ಟರಲ್ಲಿ ಸಮಾಳ ಶುರುವಾಯಿತು. ಪುರವಂತರು ಕಾವಿ ತೊಟ್ಟು, ಎದೆಗೆ ವೀರಭದ್ರನ ಮೂರ್ತಿಯಿರುವ ಹಲಗೆ ಕಟ್ಟಿ, ಖಡ್ಗ ಹಿಡಿದು ಬಂದರು. ನಾನು ಅಭ್ಯಾಸದಂತೆ ಅಡುಗೆಯವರ ಕಡೆ ಹೊರಟೆ. ಅತ್ತೆ ದಾರಿಗೆ ಅಡ್ಡ ನಿಂತರು.

“ಬರ್ರಿ ಅಳಿಯಂದ್ರೆ. ಮಣೆ ಹಾಕೀವಿ, ಕೂಡ್ರಿ.”

“ಯಾಕ್ರಿ ಅತ್ತೆ?”

“ಶಸ್ತ್ರಕ್ಕೆ.”

“ನಾನು ಗೆದ್ದೀನಲ್ರಿ!”

“ಅದಕ್ಕೇ ಅಲ್ವೇನ್ರಿ?” ಎಂದರು ಅತ್ತೆ, ಪ್ರೀತಿಯಿಂದ. “ಸೋತ್ರೆ ಹಾಕಿಸ್ಕೊತೀನಿ ಅಂತ ನೀವು ಹರಕೆ ಹೊತ್ರಿ. ಬೆಳೆದ ಮಗಳ ಮುಂದೆ ನಿಮ್ಮ ಮಾನ ಹೋಗಬಾರ್ದು ಅಂತ ನನಗೆ ಸಂಕಟ ಆತು. ‘ಅಪ್ಪಾ ವೀರಭದ್ರ, ನಮ್ಮ ಅಳಿಯ ಗೆದ್ರೆ ಅವ್ರಿಗೆ ಶಸ್ತ್ರ ಹಾಕಿಸ್ತೀನಿ’ ಅಂತ ನಿಮ್ಮ ಮನೆಯಿಂದ ಊರಿಗೆ ವಾಪಸ್ ಬಂದ ದಿನಾನೇ ನಾನು ಹೊತ್ತಿದ್ದೆ. ದೇವ್ರು ನಡೆಸಿಕೊಟ್ಟ!”

“ಅಂದ್ರೆ… ಸೋತಿದ್ರೂ, ಗೆದ್ದಿದ್ರೂ…?”

“ಹೆಂಗಾದ್ರೂ ಒಳ್ಳೇದೇ ಆತು ಬಿಡ್ರಿ.”

ಅತ್ತ ದರಿ, ಇತ್ತ ಪುಲಿ! ನಯನಾಳ ಕಡೆ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಭಕ್ತಿಯೋ ನಗುವೋ ಗೊತ್ತಾಗಲಿಲ್ಲ. ನಾಲ್ಕು ಜನ ಸೇರಿ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಅಂಕಿತಾ ಬಂದು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂತಳು. “ಒರ್ಬಾನ್ ನೆನೆಸ್ಕೊಳ್ರಿ ಅಪ್ಪಾಜಿ. ಹಿಮ್ಮಡಿ ನೆಲ ಬಿಡಬಾರ್ದು.”

ಹಿಮ್ಮಡಿ ಊರಿದೆ. ಉಸಿರನ್ನೂ ತಡೆದೆ. “ಆಹಾ ರುದ್ರಾ! ಆಹಾ ದೇವಾ!” ಎಂದು ಪುರವಂತರು ಗರ್ಜಿಸಿದರು. ಸಮಾಳ ಏರಿತು. ಎಡಗೆನ್ನೆಗೆ ತಣ್ಣಗೆ ಏನೋ ತಾಗಿತು. ಚುಚ್ಚಿದರು! ತೂರಿಸಿದರು! ಬಲಗೆನ್ನೆಯಿಂದ ಹೊರಗೂ ಬಂತು! ಐದನೇ ಚಂದ್ರನೂ ಆರನೆಯವನೂ ಒಟ್ಟಿಗೆ ಕಂಡರು. ಆಮೇಲೆ ಯಾರೂ ಕಾಣಲಿಲ್ಲ.

ಆ ತಣ್ಣನೆಯದು ವಿಭೂತಿ ಹಚ್ಚಿದ ಬೆರಳಂತೆ. ಶಸ್ತ್ರ ಇನ್ನೂ ತಟ್ಟೆಯಲ್ಲೇ ಇತ್ತಂತೆ.

ಕಣ್ಣು ಬಿಟ್ಟಾಗ ನಯನಾ ಊಟದ ಹಾಳೆ ತಟ್ಟೆಯಿಂದ ಗಾಳಿ ಬೀಸುತ್ತಿದ್ದಳು. ಆಚೆ ಸಮಾಳದ ನಡುವೆ, ಅರವತ್ತೆಂಟು ವರ್ಷದ ನನ್ನ ಅತ್ತೆ ನಿಂತಿದ್ದರು. ಕೆನ್ನೆಯಲ್ಲಿ ಗೇಣುದ್ದದ ಬೆಳ್ಳಿ ಶಸ್ತ್ರ, ಅದರ ತುದಿಗೆ ನಿಂಬೆಹಣ್ಣು. ಮುಖದಲ್ಲಿ ಒಂದು ಗೆರೆಯೂ ಕದಲಿರಲಿಲ್ಲ, ಹಿಮ್ಮಡಿ ನೆಲ ಬಿಟ್ಟಿರಲಿಲ್ಲ.

“ಹರಕೆ ಹೊತ್ತೋಳು ನಾನೇ, ನನಗೇ ಹಾಕ್ರಿ ಅಂದ್ಲು ಅವ್ವ,” ಎಂದಳು ನಯನಾ. “ಆಕೆಗೆ ಇದು ಎಂಟನೇ ಸಲ.”

ಪುರವಂತರು ಶಸ್ತ್ರ ತೆಗೆದು ವಿಭೂತಿ ಒತ್ತಿದರು. ಅತ್ತೆ ಸೀದಾ ನನ್ನ ಹತ್ತಿರ ಬಂದು, “ಈಗ ಹೆಂಗೆ ಐತೆ ನಿಮ್ಮ ಗಲ್ಲ?” ಎಂದು ವಿಚಾರಿಸಿದರು! ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣವೆಂದರೆ, ನನ್ನ ಮೀಸೆಯ ತುಂಬ ಮಂಡಕ್ಕಿ ಅಂಟಿತ್ತು. ತಲೆ ಎತ್ತಲಾಗದೆ ಕೂತೆ. ಇನ್ನು ಮಗಳು ನನ್ನ ಜೊತೆ ಮಾತಾಡಿದ ಹಾಗೆಯೇ ಎಂದುಕೊಂಡೆ.

ಆದರೆ ಅವಳು ಹಿಡಿದ ಕೈ ಬಿಟ್ಟಿರಲಿಲ್ಲ. ಇನ್ನಷ್ಟು ಹತ್ತಿರ ಸರಿದು ಕೂತು, ಮೆಲ್ಲಗೆ ಹೇಳಿದಳು: “ಅಪ್ಪಾಜಿ, ದೀಪಾವಳಿಗೆ ಹತ್ತನೇ ಭಾಗ ಬರ್ತೈತೆ. ಈ ಸಲ ನಾನು, ನೀವು ಇಬ್ರೇ ನೋಡೋಣ. ಮಾಮ ಬ್ಯಾಡ.”

ಆ ಮಾತಿಗೆ ಎರಡೂ ಕೆನ್ನೆ ಕೊಡಬಹುದಿತ್ತು! ನೆಟ್ಟಗೆ ಕೂತು ಮೀಸೆ ಒರೆಸಿಕೊಂಡೆ. “ಆಗ್ಲಿ ಮಗಳೇ! ಕಾಳ್ಗ ಬಂದಾಗಲೆಲ್ಲ ಯಾರ ಕಾಲು ಹೆಂಗೆ ಐತೆ ಅಂತ ನಾನು ಬಿಡಿಸಿ ಬಿಡಿಸಿ ಹೇಳ್ತೀನಿ!”

“ಅದೆಲ್ಲ ಬ್ಯಾಡ ಅಪ್ಪಾಜಿ,” ಎಂದಳು ಅಂಕಿತಾ. “ಕತ್ತಿ ಹೊರಗೆ ಬರೋ ಮುಂಚೇನೇ ನಾನು ಹೇಳ್ತೀನಿ. ನೀವು ಕಣ್ಣು ಮುಚ್ಕೊಂಡು, ಗೋಡೆಗೆ ಒರಗಿ ಕೂತ್ಕೊಳ್ರಿ ಸಾಕು.”